ಬಿರುಕು ಬಿಟ್ಟ ತಾಳಕ್ಕೆ ಬೆಸುಗೆ ಬೇಡ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಈ ತಿಂಗಳ ಗೋಷ್ಠಿಯಲ್ಲಿ ನೀವು ಮಾತನಾಡಬೇಕು ಎಂದು ಪೂಜ್ಯರು ಹೇಳಿ ಕಳಿಸಿದಾಗ ನನಗೆ ಸಂಕೋಚವಾಯಿತು. ಈ ವೇದಿಕೆಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ಮಾತನಾಡಿದ್ದಾರೆ. ನಾನು 36 ವರ್ಷ ಸರ್ಕಾರಿ ನೌಕರಿಯಲ್ಲಿ ಕಾಲುವೆ, ಸೇತುವೆ, ಕಟ್ಟಡ ಅಂತ ಬಿಸಿಲಲ್ಲಿ ತಿರುಗಿದ ಎಂಜಿನಿಯರ್. ವಚನಗಳನ್ನು ಓದಿ ಸಂತೋಷಪಡುವವನೇ ಹೊರತು ವ್ಯಾಖ್ಯಾನ ಮಾಡುವ ಶಕ್ತಿ ನನ್ನಲ್ಲಿಲ್ಲ. ಹಾಗಂತ ಹೇಳಿದೆ. ಅದಕ್ಕೆ ಪೂಜ್ಯರು, "ವ್ಯಾಖ್ಯಾನ ಮಾಡೋರು ಬಹಳ ಜನ ಇದ್ದಾರೆ. ನೀವು ಆ ತಾಳ ರಿಪೇರಿ ಮಾಡಿದ್ದನ್ನು ಹೇಳಿ, ಸಾಕು" ಎಂದರು. ಆದ್ದರಿಂದ ಇವತ್ತು ತಾಳದ ವಿಷಯವನ್ನೇ ಹೇಳುತ್ತೇನೆ.

ಈಗ ಗೋಷ್ಠಿಯ ಆರಂಭದಲ್ಲಿ ಮಕ್ಕಳು ಹಾಡಿದಾಗ ಬಾರಿಸಿದ ದೊಡ್ಡ ತಾಳದ ಜೋಡಿಯನ್ನು ಮುಂದೆ ಕುಳಿತವರು ಗಮನಿಸಿರಬಹುದು. ಒಂದರ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು ಇದೆ. ಭಜನಾ ಮೇಳದ ಒಬ್ಬ ಹುಡುಗಿ ಅದನ್ನು ಮೊದಲ ಸಲ ನೋಡಿದಾಗ, "ಅಜ್ಜಾ, ಇಲಿ ರೊಟ್ಟಿ ಕಡಿದಂಗ ಆಗೇತಲ್ಲ" ಎಂದು ನಕ್ಕಳು. ಆ ಇಲಿ ನಾನೇ. ಕಚ್ಚು ಮಾಡಿದ್ದು ನಾನು, ಬೇಕಂತಲೇ ಮಾಡಿದ್ದು. ಹಾಗೆ ಮಾಡದಿದ್ದರೆ ಈ ತಾಳ ಇಷ್ಟರಲ್ಲಿ ಹಳೆ ಪಾತ್ರೆ ವ್ಯಾಪಾರಿಯ ತಕ್ಕಡಿಗೆ ಹೋಗಿರುತ್ತಿತ್ತು. ಆದರೆ ಅದನ್ನು ಹೇಳುವ ಮೊದಲು ನಾನು ಹಾಳು ಮಾಡಿದ ಇನ್ನೊಂದು ತಾಳದ ಕಥೆ ಹೇಳಬೇಕು. ಅದು ಹೇಳದೆ ಇದು ಹೇಳಿದರೆ ಅರ್ಧ ಸುಳ್ಳು ಹೇಳಿದಂತೆ.

ಅದು 1986ರ ಶ್ರಾವಣ. ನಾನು ಡಿಗ್ರಿ ಮುಗಿಸಿ, ಸಹಾಯಕ ಎಂಜಿನಿಯರ್ ಆಗಿ ಎರಡು ವರ್ಷವಾಗಿತ್ತು. ನಮ್ಮೂರಲ್ಲಿ ಶ್ರಾವಣ ಪೂರ್ತಿ ರಾತ್ರಿ ಭಜನೆ. ಮೇಳದ ಹಿರಿಯರು ಒಬ್ಬ ನೇಕಾರರು. ಊರೆಲ್ಲ ಅವರನ್ನು ತಾಳದಜ್ಜ ಎಂದೇ ಕರೆಯುತ್ತಿತ್ತು. ಹಗಲೆಲ್ಲ ಮಗ್ಗದಲ್ಲಿ ಕುಳಿತ ಕೈ ರಾತ್ರಿ ತಾಳ ಹಿಡಿದರೆ ಬೆಳಗಿನವರೆಗೆ ಲಯ ತಪ್ಪುತ್ತಿರಲಿಲ್ಲ. ಅವರ ತಾಳಗಳು ಹಳೆಯ ಕಂಚಿನವು, ಒಂದು ಗೇಣು ಅಗಲ, ಮೈಮೇಲೆ ಸುತ್ತಿಗೆ ಪೆಟ್ಟಿನ ಗುರುತು ಕಾಣುತ್ತಿತ್ತು. ಆ ವರ್ಷ ಒಂದರ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಂದಿತ್ತು. ಬಾರಿಸಿದಾಗ ನಾದದ ಜೊತೆ ಸಣ್ಣಗೆ 'ಜರ್ರ್' ಎನ್ನುತ್ತಿತ್ತು.

ರಜೆಗೆ ಊರಿಗೆ ಬಂದ ನಾನು ಅದನ್ನು ನೋಡಿದೆ. "ಕೊಡ್ರಿ ಅಜ್ಜಾರ, ಬೆಸುಗೆ ಹಾಕಿಸಿಕೊಂಡು ಬರ್ತೀನಿ" ಎಂದೆ. ಅಜ್ಜ ಅನುಮಾನಿಸಿದರು. "ಕಂಚುಗಾರರನ್ನ ಒಂದ್ ಮಾತು ಕೇಳೋಣೇನು ತಮ್ಮಾ?" ಎಂದರು. ನನಗೆ ನಗು ಬಂತು. ಲೋಹಶಾಸ್ತ್ರದ ಪುಸ್ತಕ ಓದಿ ಪರೀಕ್ಷೆ ಪಾಸಾದವನು ನಾನು. ಕಂಚುಗಾರರನ್ನು ಏನು ಕೇಳುವುದು? ಪೇಟೆಗೆ ಒಯ್ದು ಗ್ಯಾಸ್ ವೆಲ್ಡಿಂಗ್ ಮಾಡಿಸಿದೆ. ಹಿತ್ತಾಳೆ ಕಡ್ಡಿ ಕರಗಿಸಿ ಬಿರುಕು ತುಂಬಿಸಿ, ಮೇಲೆ ಉಜ್ಜಿ ನುಣುಪು ಮಾಡಿಸಿದೆ. ಬಿರುಕು ಎಲ್ಲಿತ್ತು ಎಂದು ಹುಡುಕಿದರೂ ಕಾಣದ ಹಾಗೆ ಆಯಿತು. ಹೆಮ್ಮೆಯಿಂದ ಒಯ್ದು ಕೊಟ್ಟೆ.

ಅಂದು ರಾತ್ರಿ ಎರಡನೆಯ ಹಾಡಿಗೆ ತಾಳ ಒಡೆಯಿತು. ಬಿರುಕಲ್ಲ, ಒಡೆಯಿತು. ಬೆಸುಗೆಯ ಎರಡೂ ಬದಿಗೆ ಗಾಜು ಒಡೆದ ಹಾಗೆ ಸೀಳಿ, ಅಂಗೈ ಅಗಲದ ತುಂಡು ಕೆಳಗೆ ಬಿತ್ತು. ಭಜನೆ ನಿಂತಿತು. ಎಲ್ಲರೂ ನನ್ನನ್ನು ನೋಡಿದರು. ಅಜ್ಜ ತುಂಡನ್ನು ಎತ್ತಿ, ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿ ಪಕ್ಕಕ್ಕಿಟ್ಟರು. "ಇರ್ಲಿ ಬಿಡು ತಮ್ಮಾ. ಬಿರುಕಿದ್ದಾಗ ಒಂದೀಟು ಕೆಮ್ಮತಿತ್ತು, ಆದ್ರ ಹಾಡತಿತ್ತು" ಎಂದರು. ಆಮೇಲೆ ಅಂಗೈ ತಟ್ಟುತ್ತಾ ಹಾಡು ಎತ್ತಿಕೊಂಡರು. ಆ ಶ್ರಾವಣ ಪೂರ್ತಿ ಅಜ್ಜ ಕೈ ತಟ್ಟಿಯೇ ಭಜನೆ ಮಾಡಿದರು. ನನಗೆ ಒಂದು ಕಠಿಣ ಮಾತು ಹೇಳಲಿಲ್ಲ. ಹೇಳಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ.

ಆ ತುಂಡನ್ನು ಅವರಿಂದ ಕೇಳಿ ಪಡೆದು ಇಟ್ಟುಕೊಂಡಿದ್ದೇನೆ. ಇಲ್ಲಿದೆ ನೋಡಿ. ಆಮೇಲೆ ಕೈಯಿಂದ ಕೈಗೆ ದಾಟಿಸಿ ನೋಡಬಹುದು. ಮೈ ಬಣ್ಣ ಕಂಚಿನದು, ಆದರೆ ಒಡೆದ ಬಾಯಿ ನೋಡಿ, ಬೂದು ಬಿಳುಪು, ಸಕ್ಕರೆಯಂತೆ ಹರಳುಹರಳು.

ಒಂದು ತಿಂಗಳಾದ ಮೇಲೆ ನಾಚಿಕೆ ಬಿಟ್ಟು ಈ ತುಂಡನ್ನು ಒಬ್ಬ ವಯಸ್ಸಾದ ಕಂಚುಗಾರರ ಹತ್ತಿರ ಒಯ್ದೆ. ಅವರು ಒಡೆದ ಬಾಯಿಯನ್ನು ಬೆರಳಿಂದ ಸವರಿ, "ಬೆಂಕಿ ಹಚ್ಚಿ ಹಂಗ ಆರಾಕ ಬಿಟ್ರೇನು?" ಎಂದು ಕೇಳಿದರು. ಹೌದೆಂದೆ. "ಕಬ್ಬಿಣಕ್ಕ ನೀರು ಕುಡಿಸಿದ್ರ ಬಿರುಸಾಕ್ಕೈತಿ. ಕಂಚಿಗೆ ನೀರು ಕುಡಿಸಿದ್ರ ಮೆತ್ತಗಾಕ್ಕೈತಿ. ಎಲ್ಲಾದಕ್ಕೂ ಒಂದ ಔಷಧ ಅಲ್ಲ ಸಾಹೇಬ್ರ" ಎಂದರು. ಶಾಲೆ ಮೆಟ್ಟಿಲು ಹತ್ತದ ಹಿರಿಯರು ನನ್ನ ನಾಲ್ಕು ವರ್ಷದ ಓದನ್ನು ಒಂದೇ ಉಸಿರಿಗೆ ತಿದ್ದಿದರು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ಅದೇ ಇತ್ತು. ಓದಿದ್ದೆ, ಆದರೆ ತಿಳಿದಿರಲಿಲ್ಲ.

ವಿಷಯ ಹೀಗಿದೆ. ತಾಮ್ರ ಮೃದು ಲೋಹ. ತವರ ಇನ್ನೂ ಮೃದು. ಎರಡನ್ನೂ ಕೂಡಿಸಿದರೆ ಗಡಸಾದ ಕಂಚು ಹುಟ್ಟುತ್ತದೆ. ಒಳ್ಳೆಯ ತಾಳ, ಜಾಗಟೆ, ಗಂಟೆಗಳಿಗೆ ನೂರರಲ್ಲಿ ಸುಮಾರು 78ರಿಂದ 80 ಭಾಗ ತಾಮ್ರ, 20ರಿಂದ 22 ಭಾಗ ತವರ. ಇಷ್ಟು ತವರ ಇದ್ದರೇ ಆ ದೀರ್ಘ ನಾದ. ಆದರೆ ಇಷ್ಟು ತವರ ಇರುವುದರಿಂದಲೇ ಅದು ಒಡೆಯುವ ಸ್ವಭಾವದ್ದು. ಇಂಥ ಕಂಚು ಕೆಂಪಗೆ ಕಾದು, ನಿಧಾನವಾಗಿ ಆರುತ್ತಾ 520 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇಳಿಯುವಾಗ ತವರ ಹೆಚ್ಚಿರುವ ಗಡಸು ಕಣಗಳು ಅದರೊಳಗೆ ಬೇರೆಯಾಗಿ ನಿಲ್ಲುತ್ತವೆ. ಅವು ಗಾಜಿನಂಥವು. ಕೆಂಪಗೆ ಕಾದಾಗಲೇ ತಟ್ಟನೆ ನೀರಿಗೆ ಅದ್ದಿದರೆ ಆ ಕಣಗಳು ಹುಟ್ಟಲು ಸಮಯವೇ ಸಿಗುವುದಿಲ್ಲ. ಲೋಹ ಗಟ್ಟಿಯಾಗಿದ್ದೂ ಪೆಟ್ಟು ತಾಳುತ್ತದೆ. ಕತ್ತಿ, ಕುಡುಗೋಲಿನ ಉಕ್ಕಿಗೆ ಇದು ತದ್ವಿರುದ್ಧ. ನಾನು ಬೆಸುಗೆ ಹಾಕಿಸಿದಾಗ ಬಿರುಕಿನ ಎರಡೂ ಬದಿಯ ಕಂಚು ಕಾದು, ಗಾಳಿಯಲ್ಲಿ ನಿಧಾನ ಆರಿ, ಗಾಜಾಗಿಬಿಟ್ಟಿತ್ತು. ಅದಕ್ಕೇ ಬೆಸುಗೆಯೇ ಒಡೆಯದೆ ಅದರ ಪಕ್ಕದ ಲೋಹ ಒಡೆಯಿತು.

ಈ ವಿದ್ಯೆ ನಮ್ಮ ದಕ್ಷಿಣ ಭಾರತದಲ್ಲಿ ಬಹಳ ಹಳೆಯದು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ಇದರ ಮೇಲೆ ಆಳವಾದ ಸಂಶೋಧನೆ ಮಾಡಿದ್ದಾರೆ. ನೀಲಗಿರಿಯ ಪ್ರಾಚೀನ ಸಮಾಧಿಗಳಲ್ಲಿ ಸಿಕ್ಕ ತೆಳು ಬಟ್ಟಲುಗಳು ಹೀಗೆ ತವರ ಹೆಚ್ಚಿರುವ ಕಂಚನ್ನು ಕಾಯಿಸಿ, ಬಡಿದು, ನೀರಿಗೆ ಅದ್ದಿ ಮಾಡಿದವು. ಕೇರಳದ ಕಂಚುಗಾರರಲ್ಲಿ ಆ ಕ್ರಮ ನಮ್ಮ ಕಾಲದವರೆಗೂ ಉಳಿದು ಬಂದಿದೆ.

ಇದೇ ವಿದ್ಯೆ ದೂರದ ಇಸ್ತಾಂಬುಲ್‌ನಲ್ಲಿಯೂ ಇತ್ತು. ಅಲ್ಲಿ ಅವೆದಿಸ್ ಎಂಬ ಆರ್ಮೇನಿಯನ್ ಲೋಹಗಾರ ಆಟೊಮನ್ ಸುಲ್ತಾನರ ಸೈನಿಕ ವಾದ್ಯಮೇಳಕ್ಕೆ ದೊಡ್ಡ ತಾಳಗಳನ್ನು ಮಾಡಿಕೊಡುತ್ತಿದ್ದ. 1623ರಲ್ಲಿ ಸ್ವಂತ ಕಾರ್ಖಾನೆ ತೆರೆದ. ಅವನಿಗೆ ಬಂದ ಹೆಸರು ಜಿಲ್ಜಿಯನ್. ತುರ್ಕಿಯಲ್ಲಿ 'ಜಿಲ್' ಅಂದರೆ ತಾಳ, 'ಜಿ' ಅಂದರೆ ಮಾಡುವವನು, ಕೊನೆಯ 'ಯನ್' ಆರ್ಮೇನಿಯನ್ನರಲ್ಲಿ ಮಗ ಎಂಬ ಅರ್ಥದ್ದು. ತಾಳ ಮಾಡುವವನ ಮಗ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಕಾಯಕದಿಂದಲೇ ಶರಣರನ್ನು ಗುರುತಿಸುವ ನಮಗೆ ಈ ಹೆಸರಿನ ಗೌರವವನ್ನು ಬಿಡಿಸಿ ಹೇಳಬೇಕಿಲ್ಲ. ಆ ಮನೆತನದ ಒಂದು ಶಾಖೆ 1929ರಲ್ಲಿ ಅಮೆರಿಕದ ಬಾಸ್ಟನ್ ಹತ್ತಿರದ ಕ್ವಿನ್ಸಿಯಲ್ಲಿ ಕಾರ್ಖಾನೆ ಹಾಕಿತು. ಇವತ್ತು ಡ್ರಮ್ ಬಾರಿಸುವವರ ಪಕ್ಕದಲ್ಲಿ ಕೋಲಿನ ಮೇಲೆ ನಿಲ್ಲಿಸಿರುವ ಹೊಳೆಯುವ ಬಿಲ್ಲೆ ಇದೆಯಲ್ಲ, ಸಿಂಬಲ್, ಅದು ಈ ತಾಳದ್ದೇ ವಂಶ. ಒಳ್ಳೆಯವಕ್ಕೆ ಇಂದಿಗೂ 80 ಭಾಗ ತಾಮ್ರ, 20 ಭಾಗ ತವರ.

ಇಸ್ತಾಂಬುಲ್‌ನ ಕಥೆ ನನಗೆ ಗೊತ್ತಾದದ್ದು ನನ್ನ ತಂಗಿಯ ಮಗನಿಂದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ, ವಾರದ ಕೊನೆಗೆ ಡ್ರಮ್ ಬಾರಿಸುತ್ತಾನೆ. ಮೂರು ವರ್ಷದ ಹಿಂದೆ ಒಂದು ಹಳೆಯ ಇಸ್ತಾಂಬುಲ್ ಸಿಂಬಲ್ ಹಿಡಿದು ಮನೆಗೆ ಬಂದ. ಹಳೆಯ ಕೈಬಡಿತದ ಸಿಂಬಲ್‌ಗಳಿಗೆ ಡ್ರಮ್ ಬಾರಿಸುವವರಲ್ಲಿ ಬಹಳ ಬೆಲೆ. ಆದರೆ ಇದಕ್ಕೆ ಅಂಚಿನಲ್ಲಿ ಬಿರುಕಿತ್ತು. "ಮಾಮಾ, ನಿಮ್ಮ ಡ್ರಿಲ್ ಕೊಡ್ರಿ, ಇದಕ್ಕೊಂದು ತೂತು ಹಾಕಬೇಕು" ಎಂದ. ನನ್ನ ಎದೆ ಧಸಕ್ಕೆಂದಿತು. ತಾಳದಜ್ಜನ ತಾಳ ಕಣ್ಮುಂದೆ ಬಂತು. "ಕೈ ಹಚ್ಚಬ್ಯಾಡ" ಎಂದೆ. ಆಗ ಅವನು ಸಿಂಬಲ್ ರಿಪೇರಿ ಮಾಡುವವರ ಕ್ರಮವನ್ನು ವಿವರಿಸಿದ. ಬೆಂಕಿ ಇಲ್ಲ, ಬೆಸುಗೆ ಇಲ್ಲ, ಅಂಟು ಇಲ್ಲ. ಬಿರುಕಿನ ತುದಿಗೆ ಒಂದು ದುಂಡು ತೂತು. ಬೇಕಾದರೆ ಬಿರುಕಿನ ಸುತ್ತಲ ಲೋಹವನ್ನು ಸುತ್ತುಗೆರೆಯಲ್ಲಿ ಕತ್ತರಿಸಿ ತೆಗೆಯುವುದು. ಕೇಳುತ್ತಾ ಕೇಳುತ್ತಾ ನನಗೆ ನಾಚಿಕೆಯಾಯಿತು. ಉಕ್ಕಿನ ಸೇತುವೆಯ ತೊಲೆಯಲ್ಲಿ ಬಿರುಕು ಕಂಡರೆ ಮೊದಲು ಮಾಡುವ ಕೆಲಸವೇ ಇದು. ಇದನ್ನು ನಾನೇ ಕಿರಿಯ ಎಂಜಿನಿಯರ್‌ಗಳಿಗೆ ಹೇಳಿಕೊಟ್ಟಿದ್ದೆ. ತಾಳಕ್ಕೂ ಅದೇ ನಿಯಮ ಎಂದು ಹೊಳೆದಿರಲಿಲ್ಲ.

ತೂತು ಯಾಕೆ ಬಿರುಕನ್ನು ನಿಲ್ಲಿಸುತ್ತದೆ? ತಾಯಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಹಳೆಯ ಧೋತರ ಹರಿಯಬೇಕಾದರೆ ಅಂಚಿಗೆ ಹಲ್ಲಿನಿಂದ ಒಂದು ಸಣ್ಣ ಸೀಳು ಕೊಡುತ್ತೀರಿ. ಆಮೇಲೆ ಸರ್ರನೆ ಹರಿಯುತ್ತದೆ. ಎಳೆಯುವ ಬಲವೆಲ್ಲ ಆ ಸೀಳಿನ ಚೂಪು ತುದಿಗೆ ಬಂದು ಸೇರುವುದರಿಂದ ಒಂದೊಂದೇ ಎಳೆ ಕಡಿಯುತ್ತಾ ಹೋಗುತ್ತದೆ. ಅದಕ್ಕೇ ದರ್ಜಿ ಜುಬ್ಬಾದ ಬದಿಯ ಸೀಳಿನ ತುದಿಗೆ ಗಟ್ಟಿ ಹೊಲಿಗೆ ಹಾಕುತ್ತಾನೆ. ಲೋಹದಲ್ಲಿಯೂ ಹಾಗೆಯೇ. ಬಿರುಕು ಇಡೀ ತಾಳದ ಮೇಲೆ ದಾಳಿ ಮಾಡುವುದಿಲ್ಲ. ಅದರ ಜೀವವೆಲ್ಲ ಇರುವುದು ತುದಿಯಲ್ಲಿ.

1913ರಲ್ಲಿ ಚಾರ್ಲ್ಸ್ ಇಂಗ್ಲಿಸ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಇದಕ್ಕೆ ಲೆಕ್ಕ ಕೊಟ್ಟರು. ತುದಿ ಎಷ್ಟು ಚೂಪೋ ಅಲ್ಲಿ ಬಲ ಅಷ್ಟು ಒಟ್ಟುಗೂಡುತ್ತದೆ. ಅವರ ಸೂತ್ರದಿಂದ ಒಂದು ಸ್ಥೂಲ ಲೆಕ್ಕ ಹಾಕಿದೆ. 12 ಮಿಲಿಮೀಟರ್ ಉದ್ದದ ಬಿರುಕು, ತುದಿಯ ದುಂಡಗು ಮಿಲಿಮೀಟರಿನ ನೂರರಲ್ಲೊಂದು ಭಾಗ ಎಂದುಕೊಂಡರೆ, ಆ ತುದಿಯಲ್ಲಿ ಬಲ ಸುಮಾರು 70 ಪಟ್ಟು. ಅಲ್ಲಿ 3 ಮಿಲಿಮೀಟರಿನ ದುಂಡು ತೂತು ಹಾಕಿದರೆ ಸುಮಾರು 7 ಪಟ್ಟು. ಬಿರುಕನ್ನೇ ತೆಗೆದು ಅಗಲವಾದ ಸುತ್ತುಗೆರೆ ಮಾಡಿದರೆ ಎರಡೂವರೆ ಪಟ್ಟು. ಒಂದು ಚಿಟಿಕೆ ಲೋಹ ಕಳೆದುಕೊಂಡರೆ 70 ಹೋಗಿ ಎರಡೂವರೆ. ತುಂಬುವುದರಿಂದ ಆಗದ ಕೆಲಸ ತೆಗೆಯುವುದರಿಂದ ಆಗುತ್ತದೆ.

ಇನ್ನು ಈ ಮಠದ ತಾಳ. ಹೋದ ವರ್ಷ ಮಕ್ಕಳು ಅಭ್ಯಾಸ ಮಾಡುವಾಗ ಒಂದು ತಾಳ 'ಜರ್ರ್' ಎನ್ನತೊಡಗಿತು. ಹಳೆಯ ಜೋಡಿ, ಒಂಬತ್ತು ಅಂಗುಲ ಅಗಲ. ತೂಕಕ್ಕೆ ಹಾಕಿ ಹೊಸದು ತರೋಣ ಎಂದು ಕೆಲವರು ಹೇಳಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಅಜ್ಜಂದಿರ ಕಾಲದಿಂದ ಈ ಸಭೆಯಲ್ಲಿ ಕೇಳಿದ ನಾದ ಅದು. ಪೂಜ್ಯರು ನನ್ನ ಕಡೆ ನೋಡಿದರು. ನಾನು ಎರಡು ದಿನ ಉತ್ತರ ಕೊಡಲಿಲ್ಲ. ನಿಜ ಹೇಳುತ್ತೇನೆ, ಹೆದರಿಕೆಯಾಗಿತ್ತು. ಮೂರನೆಯ ದಿನ ತಂಗಿಯ ಮಗನನ್ನು ಕರೆಸಿಕೊಂಡು ಕೈ ಹಚ್ಚಿದೆ.

ಮೊದಲ ಕೆಲಸ ಬಿರುಕಿನ ತುದಿ ಹುಡುಕುವುದು. ಕಣ್ಣನ್ನು ನಂಬಬಾರದು. ಬಿರುಕಿನ ಮೇಲೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟೆವು. ಆಮೇಲೆ ಮೇಲ್ಮೈಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣ ಪುಡಿ ಮಾಡಿ ತೆಳುವಾಗಿ ಬಳಿದೆವು. ಬಿರುಕಿನೊಳಗೆ ಸೇರಿದ ಎಣ್ಣೆ ಮೇಲೆ ಬಂದು ಸುಣ್ಣದ ಮೇಲೆ ಕಪ್ಪು ಗೆರೆ ಮೂಡಿತು. ಕಣ್ಣಿಗೆ ಬಿರುಕು 9 ಮಿಲಿಮೀಟರ್ ಕಂಡಿತ್ತು. ಎಣ್ಣೆ ತೋರಿಸಿದ್ದು 12. ತಾಳದ ಒಳಬದಿಯಲ್ಲಿಯೂ ಹೀಗೆ ನೋಡಿ ಗುರುತು ಹಾಕಿದೆವು. 9ಕ್ಕೇ ತೂತು ಹಾಕಿದ್ದರೆ ನಿಜವಾದ ತುದಿ ತೂತಿನ ಆಚೆ ಉಳಿದು, ಬಿರುಕು ನಮ್ಮನ್ನು ನೋಡಿ ನಕ್ಕು ಮುಂದೆ ಹೋಗುತ್ತಿತ್ತು.

ಎರಡನೆಯದು ತೂತು. ತಾಳದ ಬಾಗಿಗೆ ತಕ್ಕಂತೆ ಕೆತ್ತಿದ ಮರದ ತುಂಡನ್ನು ಕೆಳಗಿಟ್ಟು, ಅಲುಗದಂತೆ ಬಿಗಿ ಹಿಡಿದು, ಕಂಡ ತುದಿಗಿಂತ ಒಂದೂವರೆ ಮಿಲಿಮೀಟರ್ ಆಚೆ 3 ಮಿಲಿಮೀಟರಿನ ತೂತು ಹಾಕಿದೆವು. ಡ್ರಿಲ್ ನಿಧಾನ ತಿರುಗಬೇಕು, ಒಂದು ಹನಿ ಎಣ್ಣೆ ಬಿಡುತ್ತಿರಬೇಕು, ಲೋಹ ಬಿಸಿಯಾಯಿತು ಎನಿಸಿದರೆ ನಿಲ್ಲಿಸಬೇಕು. ತೂತಿನ ಎರಡೂ ಬದಿಯ ಚೂಪನ್ನು ಎಮರಿ ಕಾಗದದಿಂದ ತೆಗೆಯಬೇಕು. ಅಲ್ಲಿ ಒಂದು ಗೀರು ಉಳಿದರೂ ಅದೇ ಹೊಸ ಬಿರುಕಿನ ಬೀಜ.

ಬಾರಿಸಿ ನೋಡಿದೆವು. 'ಜರ್ರ್' ಹೋಗಿರಲಿಲ್ಲ. ಬಿರುಕಿನ ಎರಡು ತುಟಿ ಒಂದಕ್ಕೊಂದು ಉಜ್ಜುತ್ತಿದ್ದವು. ತೂತು ಬಿರುಕನ್ನು ನಿಲ್ಲಿಸುತ್ತದೆ, ಸದ್ದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ಮೂರನೆಯ ಕೆಲಸ. ತೂತೂ ಸೇರಿ ಹೋಗುವಂತೆ ಸುಮಾರು 5 ಸೆಂಟಿಮೀಟರ್ ಅಗಲ, 15 ಮಿಲಿಮೀಟರ್ ಆಳದ ಸುತ್ತುಗೆರೆ ಎಳೆದು, ಸಣ್ಣ ಹಲ್ಲಿನ ಗರಗಸದಿಂದ ಕೈಯಲ್ಲೇ ಕೊಯ್ದೆವು. ಅರದಿಂದ ಅಂಚಿನ ಉದ್ದಕ್ಕೆ ಉಜ್ಜಿ, ಎಮರಿ ಕಾಗದದಿಂದ ನುಣುಪು ಮಾಡಿದೆವು. ಮತ್ತೆ ಸೀಮೆಎಣ್ಣೆ, ಮತ್ತೆ ಸುಣ್ಣ. ಗೆರೆ ಮೂಡಲಿಲ್ಲ.

ಆಮೇಲೆ ತಾಳವನ್ನು ದಾರದಲ್ಲಿ ತೂಗಿಬಿಟ್ಟು ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿದೆ. ಗಡಿಗೆ ಕೊಳ್ಳುವಾಗ ಬೆರಳಿಂದ ತಟ್ಟಿ ಕೇಳುತ್ತೀರಲ್ಲ, ಹಾಗೆ. ನಾದ ಎದ್ದು, ಎಲ್ಲಿಯೂ ತಡವರಿಸದೆ, ತಾನಾಗಿಯೇ ಸಣ್ಣಗಾಗುತ್ತಾ ಹೋಯಿತು. ಮೊದಲಿನ ನಾದವೇ ಎಂದು ಹೇಳಲಾರೆ. ಒಂದು ಎಳೆ ಬದಲಾಗಿದೆ. ಆದರೆ ಸ್ವಚ್ಛವಾಗಿದೆ. ನನ್ನ ಕಣ್ಣಲ್ಲಿ ನೀರು ಬಂತು. ತಂಗಿಯ ಮಗ ನೋಡಿಯೂ ನೋಡದವನಂತೆ ಡ್ರಿಲ್ ಒರೆಸುತ್ತಾ ಕುಳಿತ.

ಎಲ್ಲ ಬಿರುಕೂ ಅಂಚಿನಿಂದ ಒಳಗೆ ಬರುವುದಿಲ್ಲ. ಕೆಲವು ಅಂಚಿಗೆ ಸಮಾನಾಂತರವಾಗಿ, ತಿರುಗಣಿಯಲ್ಲಿ ಕೊರೆದ ಸುತ್ತುಗೆರೆಗಳ ಗುಂಟ ಓಡುತ್ತವೆ. ಅವಕ್ಕೆ ಎರಡು ತುದಿ, ಆದ್ದರಿಂದ ಎರಡು ತೂತು. ನಡುವಿನ ಬಿರುಕನ್ನು ತೆಳು ಗರಗಸದಿಂದ ಸ್ವಲ್ಪ ಅಗಲ ಮಾಡಿದರೆ ತುಟಿಗಳು ಉಜ್ಜುವುದಿಲ್ಲ. ದಾರದ ತೂತಿನಿಂದ ಹುಟ್ಟುವ ಬಿರುಕು ಇನ್ನೊಂದು ಬಗೆ. ಅಲ್ಲಿ ಮೊದಲು ತೂತಿನ ಬಾಯಿಯನ್ನು ದುಂಡಗೆ ನುಣುಪು ಮಾಡಬೇಕು, ಗಂಟಿಗೂ ಲೋಹಕ್ಕೂ ನಡುವೆ ಮೆತ್ತನೆ ಚರ್ಮ ಅಥವಾ ಬಟ್ಟೆಯ ಬಿಲ್ಲೆ ಕೊಡಬೇಕು. ಬಿರುಕು ನಡುವಿನ ಉಬ್ಬಿನವರೆಗೆ ಹೋಗಿದ್ದರೆ ಅಥವಾ ನಾಲ್ಕಾರು ಕಡೆ ಬಿಟ್ಟಿದ್ದರೆ ಆ ತಾಳಕ್ಕೆ ವಿಶ್ರಾಂತಿ ಕೊಡುವುದೇ ಸರಿ. ಅಚ್ಚಿನಲ್ಲಿ ಎರಕ ಹೊಯ್ದು ಹಾಗೇ ಆರಿಸಿದ ತಾಳಗಳೂ ಇರುತ್ತವೆ. ಅವು ಮೊದಲಿನಿಂದಲೇ ಗಾಜಿನ ಸ್ವಭಾವದವು, ಅವಕ್ಕೆ ಡ್ರಿಲ್ ಹಿಡಿಯುವಾಗ ಇಮ್ಮಡಿ ಜೋಪಾನ ಬೇಕು.

ಬಿರುಕು ಬಾರದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ಭಜನಾ ಮೇಳದವರು ನಾಲ್ಕು ಮಾತು ನೆನಪಿಡಿ. ಅಂಚಿಗೆ ಅಂಚು ಎದುರುಬದುರು ಬಡಿಯಬೇಡಿ. ಸ್ವಲ್ಪ ಓರೆ ಹಿಡಿದು, ಒಂದು ಬದಿ ಮೊದಲು ತಾಗಿ ಜಾರುವಂತೆ ಬಾರಿಸಿ. ಒಳಗಿನ ಗಾಳಿಗೆ ಹೋಗಲು ದಾರಿ ಸಿಗುತ್ತದೆ, ನಾದವೂ ಬಿಚ್ಚಿಕೊಳ್ಳುತ್ತದೆ. ಯಾವಾಗಲೂ ಒಂದೇ ಜಾಗಕ್ಕೆ ಪೆಟ್ಟು ಕೊಡಬೇಡಿ. ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತದೆಯಲ್ಲ, ಇದೂ ಹಾಗೆಯೇ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ನೀರಲ್ಲಿ ಚೆನ್ನಾಗಿ ತೊಳೆದು ಒರೆಸಿ. ಹುಳಿ ಉಳಿಯಬಾರದು. ಹೊಳಪಿಗಾಗಿ ಯಂತ್ರದ ಚಕ್ರಕ್ಕೆ ಹಿಡಿದು ಅಂಚನ್ನು ಕಾಯಿಸಬೇಡಿ. ಮತ್ತೆ, ಬಿರುಕು ಕಂಡ ದಿನವೇ ಬಾರಿಸುವುದನ್ನು ನಿಲ್ಲಿಸಿ. ಈ ಹಾಡೊಂದು ಮುಗಿಯಲಿ ಎಂದರೆ 9 ಮಿಲಿಮೀಟರ್ 20 ಆಗುತ್ತದೆ.

ಕೊನೆಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಇದು ಹೇಳಲು ಸ್ವಲ್ಪ ಕಷ್ಟ. ನೌಕರಿಯ ಆರಂಭದ ವರ್ಷಗಳಲ್ಲಿ ಒಂದು ಸಣ್ಣ ಕಾಲುವೆ ಕಟ್ಟಡದ ಗೋಡೆಯಲ್ಲಿ ಬಿರುಕು ಬಂದಿತ್ತು. ಮೇಲಿನವರು ತಪಾಸಣೆಗೆ ಬರುವ ಹಿಂದಿನ ದಿನ ಅದಕ್ಕೆ ಗಾರೆ ಮೆತ್ತಿ ಸುಣ್ಣ ಹೊಡೆಸಿದೆವು. 'ಸ್ಥಿತಿ ತೃಪ್ತಿಕರ' ಎಂದು ಬರೆದ ಕಾಗದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮುಂದಿನ ಮಳೆಗಾಲದಲ್ಲಿ ಬಿರುಕು ಸುಣ್ಣ ಸೀಳಿಕೊಂಡು ಮೊದಲಿಗಿಂತ ಅಗಲವಾಗಿ ಹೊರಬಂತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ, ಅದು ನನ್ನ ಪುಣ್ಯ, ನನ್ನ ಜಾಣ್ಮೆಯಲ್ಲ. ಆಗ ಸುಣ್ಣವನ್ನು ಬಿರುಕು ಮುಚ್ಚಲು ಬಳಿದೆ. ಈಗ ಅದೇ ಸುಣ್ಣವನ್ನು ಬಿರುಕು ಕಾಣಲಿ ಎಂದು ಬಳಿಯುತ್ತೇನೆ. 36 ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇಷ್ಟೇ ಎಂದು ಕೆಲವೊಮ್ಮೆ ಅನಿಸುತ್ತದೆ.

ನಮ್ಮ ಮನೆಗಳಲ್ಲಿ, ಸಂಘಗಳಲ್ಲಿಯೂ ಬಿರುಕು ಬರುತ್ತವೆ. ಅದನ್ನು ನಾನು ಬಿಡಿಸಿ ಹೇಳುವುದಿಲ್ಲ, ಅದಕ್ಕೆ ಇಲ್ಲಿ ಪೂಜ್ಯರಿದ್ದಾರೆ. ತಾಳದ ಮಟ್ಟಿಗೆ ಹೇಳಬಲ್ಲೆ. ಬಿರುಕನ್ನು ಮುಚ್ಚಿದವನು ತಾಳ ಒಡೆಯುತ್ತಾನೆ. ಅದರ ತುದಿ ಎಲ್ಲಿದೆ ಎಂದು ತಾಳ್ಮೆಯಿಂದ ಹುಡುಕಿ, ಅಲ್ಲಿನ ಚೂಪನ್ನು ತೆಗೆದವನಿಗೆ ತಾಳ ಉಳಿಯುತ್ತದೆ. ಸ್ವಲ್ಪ ಲೋಹ ಹೋಗುತ್ತದೆ, ಅಂಚು ಮೊದಲಿನ ಹಾಗೆ ದುಂಡಗಿರುವುದಿಲ್ಲ. ಉಳಿದದ್ದು ಹಾಡುತ್ತದೆ.

ತಾಳದಜ್ಜ ಈಗಿಲ್ಲ. ಆ ರಾತ್ರಿ ಅವರು ಕೇಳಿದ್ದು ಒಂದೇ: ಕಂಚುಗಾರರನ್ನ ಒಂದು ಮಾತು ಕೇಳೋಣೇನು ಎಂದು. ಕೇಳಬೇಕಿತ್ತು. ಕೈಯಿಂದ ಕಾಯಕ ಮಾಡಿ ತಿಳಿದವರ ಮುಂದೆ ಪದವಿ ಪತ್ರ ಹಿಡಿದು ನಗಬಾರದು ಎಂದು ಇಲ್ಲಿ ಕುಳಿತ ಓದುವ ಮಕ್ಕಳಿಗೆ ಹೇಳುತ್ತೇನೆ.

ಈಗ ಪ್ರತಿ ತಿಂಗಳು ಗೋಷ್ಠಿಯ ಹಿಂದಿನ ದಿನ, ಇಲಿ ಕಡಿದ ರೊಟ್ಟಿ ಎಂದು ನಕ್ಕಳಲ್ಲ, ಅದೇ ಹುಡುಗಿ ಸೀಮೆಎಣ್ಣೆ, ಸೀಮೆಸುಣ್ಣ ಹಿಡಿದು ಎರಡೂ ತಾಳಗಳ ಅಂಚನ್ನು ಪರೀಕ್ಷಿಸುತ್ತಾಳೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಾಳೆ. 'ತೃಪ್ತಿಕರ' ಎಂದು ಬರೆಯಬೇಡ, ಕಂಡದ್ದನ್ನು ಬರೆ ಎಂದು ಹೇಳಿದ್ದೇನೆ. ನಿನ್ನೆಯ ತಾರೀಖಿಗೆ 'ಗೆರೆ ಇಲ್ಲ' ಎಂದು ಬರೆದಿದ್ದಾಳೆ. ನಿಮ್ಮ ಊರಿನ ಭಜನಾ ಮೇಳದಲ್ಲಿ, ಕರಡಿ ಮಜಲಿನಲ್ಲಿ, ಝಾಂಜ್ ಮೇಳದಲ್ಲಿ ಇಂಥ ಹಳೆಯ ಬಿರುಕು ತಾಳಗಳಿದ್ದರೆ ತೂಕಕ್ಕೆ ಹಾಕುವ ಮೊದಲು, ಬೆಂಕಿಗೆ ಹಿಡಿಯುವ ಮೊದಲು, ಮಠಕ್ಕೆ ತನ್ನಿ. ನೋಡೋಣ. ಎಲ್ಲವೂ ಉಳಿಯುತ್ತವೆ ಎಂದು ಮಾತು ಕೊಡಲಾರೆ. ಅವಸರ ಮಾಡುವುದಿಲ್ಲ ಎಂದು ಮಾತು ಕೊಡಬಲ್ಲೆ.